ಗರ್ಭಕೋಶ ತೆಗೆದಾಯ್ತು, ಮತ್ತೆ ಕೀಮೋ ಯಾಕೆ?

ಪುಣೆಯಿಂದ ಒಬ್ಬರು ತಮ್ಮ ತಾಯಿ ಬಗ್ಗೆ ಕೇಳಿದ್ದಾರೆ: "ಅಮ್ಮನಿಗೆ 67. ಗರ್ಭಕೋಶದ ಕ್ಯಾನ್ಸರ್, ಮೊದಲನೇ ಸ್ಟೇಜ್. ಆಪರೇಷನ್ ಆಯ್ತು. ನಮ್ಮ ಪರಿಚಯದವರಿಗೆ ಅಷ್ಟರಲ್ಲೇ ಮುಗೀತು, ಅಮ್ಮನಿಗೆ ಮಾತ್ರ ಆರು ಕೀಮೋ ಅಂತಿದ್ದಾರೆ. ಬೇಕಾ ಡಾಕ್ಟ್ರೇ?"

ಅವರು ಕಳಿಸಿದ ರಿಪೋರ್ಟಿನಲ್ಲಿ ಒಂದು ಪದ ಇದೆ: ಸೀರಸ್. ಉತ್ತರ ಅಲ್ಲೇ ಇದೆ.

ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗಳಲ್ಲಿ ಸೀರಸ್ ಜಾತಿ ನೂರಕ್ಕೆ ಹತ್ತರ ಆಸುಪಾಸು. ಆದರೆ ಸಾವುಗಳಲ್ಲಿ ಅದರ ಪಾಲು ಸುಮಾರು ನಲವತ್ತು. ಸಾಮಾನ್ಯ ಜಾತಿಗೆ ಈಸ್ಟ್ರೋಜನ್, ಬೊಜ್ಜು, ಸಕ್ಕರೆ ಕಾಯಿಲೆ ಇವುಗಳ ನಂಟು ಇರುತ್ತೆ, ಒಳಪದರ ದಪ್ಪ ಆಗುತ್ತೆ. ಸೀರಸ್ ಹಾಗಲ್ಲ. ಮುಟ್ಟು ನಿಂತು ವರ್ಷಗಳಾಗಿ ತೆಳ್ಳಗಾದ ಪದರದಲ್ಲೇ ಹುಟ್ಟಬಹುದು. ಹಾಗಾಗಿ ಸೋನೋಗ್ರಫಿಯಲ್ಲಿ ಪದರ ತೆಳ್ಳಗಿದೆ ಅಂತ ಬಂದರೂ, ಮುಟ್ಟು ನಿಂತವರಿಗೆ ಮತ್ತೆ ಮತ್ತೆ ರಕ್ತ ಕಾಣಿಸಿಕೊಂಡರೆ ಬಯಾಪ್ಸಿ ಆಗಲೇಬೇಕು. "ಉಷ್ಣ ಆಗಿದೆ" ಅಂತ ಎಳನೀರು ಕುಡಿದು ತಿಂಗಳುಗಟ್ಟಲೆ ಕೂರೋದು ಬೇಡ.

ಇದರ ಇನ್ನೊಂದು ಗುಣ, ಗರ್ಭಕೋಶದಲ್ಲಿ ಚಿಕ್ಕದಾಗೇ ಇದ್ದರೂ ಜೀವಕೋಶಗಳು ನಾಳದ ಮೂಲಕ ಹೊಟ್ಟೆಗೆ ಉದುರಬಲ್ಲವು. ಅಂಡಾಶಯದ ಕ್ಯಾನ್ಸರ್ ಥರ. ಅದಕ್ಕೇ ಆಪರೇಷನ್‌ನಲ್ಲಿ ಗರ್ಭಕೋಶ, ಅಂಡಾಶಯ, ನಾಳ ತೆಗೆದು, ದುಗ್ಧಗ್ರಂಥಿ ನೋಡಿ, ಕರುಳಿನ ಮುಂದಿರುವ ಕೊಬ್ಬಿನ ಪೊರೆಯ ಚೂರನ್ನೂ ಪರೀಕ್ಷೆಗೆ ಕಳಿಸ್ತಾರೆ.

ಈಗ ಕೀಮೋ. ಪೋರ್ಟೆಕ್-3 ಅನ್ನೋ ದೊಡ್ಡ ಅಧ್ಯಯನದಲ್ಲಿ ಸೀರಸ್ ಇದ್ದವರ ಲೆಕ್ಕ ಬೇರೆ ತೆಗೆದರು. ಬರೀ ರೇಡಿಯೇಷನ್ ಪಡೆದವರಲ್ಲಿ 5 ವರ್ಷದ ನಂತರ ಬದುಕಿದ್ದವರು ನೂರಕ್ಕೆ 53. ಜೊತೆಗೆ ಕೀಮೋ ಪಡೆದವರಲ್ಲಿ 71. ಹದಿನೆಂಟು ಜನ ಹೆಚ್ಚು. ನನಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಕಾಯಿಲೆ ಗರ್ಭಕೋಶದ ಸ್ನಾಯುವಿಗೆ ಇಳಿದಿದ್ದರೆ, ಮೊದಲನೇ ಸ್ಟೇಜ್ ಆದರೂ ಕೀಮೋ ತಗೊಳ್ಳಿ ಅಂತಲೇ ಹೇಳ್ತೀನಿ. ಸ್ನಾಯು ಮುಟ್ಟದೆ ಒಳಪದರದಲ್ಲೇ ಇದ್ದರೆ ಮಾತ್ರ ಕೂತು ಚರ್ಚೆ ಮಾಡೋಕೆ ಜಾಗ ಇದೆ.

ಕೊಡೋದು ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್, ಮೂರು ವಾರಕ್ಕೊಂದು ಸಲ. ಕೂದಲು ಉದುರುತ್ತೆ, ಮತ್ತೆ ಬರುತ್ತೆ. ಕಾಲು ಜೋಮು ಹಿಡಿಯೋದನ್ನ ಮಾತ್ರ ಅಮ್ಮಂದಿರು ಹೇಳೋದೇ ಇಲ್ಲ, "ವಯಸ್ಸಾಯ್ತಲ್ಲ" ಅಂತಾರೆ. ನೀವೇ ಕೇಳಿ, ಡಾಕ್ಟರಿಗೆ ಹೇಳಿ. ಡೋಸ್ ಹೊಂದಿಸಬಹುದು.

ಇನ್ನು ಹರ್-2 ಪರೀಕ್ಷೆ. "ಅದು ಸ್ತನದ ಕ್ಯಾನ್ಸರ್‌ದಲ್ವಾ?" ಅಂತ ಎಷ್ಟೋ ಜನ ಕೇಳ್ತಾರೆ. ಸೀರಸ್ ಇರುವವರಲ್ಲೂ ಸರಿಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಪಾಸಿಟಿವ್ ಬರುತ್ತೆ. ಹಾಗಿದ್ದು, ಕಾಯಿಲೆ ಮುಂದುವರಿದಿದ್ದರೆ ಅಥವಾ ಮರಳಿದ್ದರೆ ಟ್ರಾಸ್ಟುಜುಮ್ಯಾಬ್ ಸೇರಿಸ್ತಾರೆ. 2018ರ ಒಂದು ಚಿಕ್ಕ ಅಧ್ಯಯನದಲ್ಲಿ ಕಾಯಿಲೆ ಹತೋಟಿಯಲ್ಲಿದ್ದ ಅವಧಿ 8 ತಿಂಗಳಿಂದ 12 ತಿಂಗಳು ದಾಟಿತು. ಔಷಧ ದುಬಾರಿಯೇ, ಆದರೆ ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರ್ ತಂದಿದೆ. ಹೃದಯದ ಎಕೋ ಮಾಡಿಸ್ತಾ ಇರಬೇಕು.

ಈ ಪರೀಕ್ಷೆಗೆ ಅಮ್ಮನನ್ನ ಮತ್ತೆ ಚುಚ್ಚಬೇಕಾಗಿಲ್ಲ. ಆಪರೇಷನ್‌ನಲ್ಲಿ ತೆಗೆದ ಭಾಗದ ಮೇಣದ ಬ್ಲಾಕ್ ಲ್ಯಾಬ್‌ನಲ್ಲಿ ಇರುತ್ತೆ, ಅದರಲ್ಲೇ ಮಾಡ್ತಾರೆ. ಎರಡನೇ ಅಭಿಪ್ರಾಯಕ್ಕೆ ಹೋಗೋದಾದರೂ ಬರೀ ರಿಪೋರ್ಟ್ ಒಯ್ಯಬೇಡಿ. ಅರ್ಜಿ ಬರೆದುಕೊಟ್ಟು ಬ್ಲಾಕ್, ಸ್ಲೈಡ್ ಎರಡನ್ನೂ ತಗೊಂಡು ಹೋಗಿ.