ಸಾಮಾಯಿಕವೂ ಮನಶ್ಶಾಂತಿಯೂ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)

  

ಮಂತ್ರಸಂಸ್ಕಾರದಿಂದ ಶಿಲೆಯು ಜಿನಬಿಂಬವಾಗಿ ಪೂಜ್ಯವಾಗುವ ಈ ಶುಭ ಸಂದರ್ಭದಲ್ಲಿ, ನಮ್ಮ ಅಂತರಂಗದ ಸಂಸ್ಕಾರವನ್ನು ಕುರಿತು ಒಂದೆರಡು ಮಾತುಗಳನ್ನು ನಿವೇದಿಸಬಯಸುತ್ತೇನೆ.

'ಮನಸ್ಸಿಗೆ ನೆಮ್ಮದಿಯಿಲ್ಲ' ಎಂಬುದು ಇಂದು ಮನೆಮನೆಯ ಮಾತಾಗಿದೆ. ವ್ಯಾಪಾರಿಗೆ ಸಾಲದ ಚಿಂತೆ, ಕೃಷಿಕನಿಗೆ ಮಳೆಯ ಚಿಂತೆ, ವಿದ್ಯಾರ್ಥಿಗೆ ಪರೀಕ್ಷೆಯ ಚಿಂತೆ, ತಾಯಿತಂದೆಯರಿಗೆ ದೂರದಲ್ಲಿರುವ ಮಕ್ಕಳ ಚಿಂತೆ. ಇವುಗಳ ನಡುವೆ ಕೈಯಲ್ಲಿರುವ ಮೊಬೈಲು ಕ್ಷಣಕ್ಷಣಕ್ಕೂ ಚಿತ್ತವನ್ನು ಹೊರಗೆ ಸೆಳೆಯುತ್ತದೆ. 'ಮಾನಸಿಕ ಒತ್ತಡ'ವೆಂಬ ಹೆಸರು ಹೊಸದಾದರೂ ಅದರ ಬೇರನ್ನು ನಮ್ಮ ಪೂರ್ವಾಚಾರ್ಯರು ಅರಿತಿದ್ದರು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆರ್ತಧ್ಯಾನದ 4 ಬಗೆಗಳನ್ನು ನಿರೂಪಿಸಿದ್ದಾರೆ: ಬೇಡವಾದುದು ಬಂದೊದಗಿದಾಗಿನ ತಳಮಳ, ಪ್ರಿಯವಾದುದು ಅಗಲಿದಾಗಿನ ಕೊರಗು, ನೋವಿನ ಹಳವಂಡ, ಮುಂದಿನ ಭೋಗದ ಹಂಬಲ. ನಮ್ಮ ನಿತ್ಯದ ಚಿಂತೆಗಳಲ್ಲಿ ಇವುಗಳಿಗೆ ಹೊರತಾದುದು ಯಾವುದಿದೆ?

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಚಾರ್ಯರು ಚಿಂತೆಯನ್ನೂ 'ಧ್ಯಾನ'ವೆಂದೇ ಕರೆದರು. ಮನಸ್ಸು ನಿಲ್ಲುವುದಿಲ್ಲ, ಆದುದರಿಂದ ಧ್ಯಾನ ನಮಗೆ ಸಾಧ್ಯವಿಲ್ಲ ಎನ್ನುತ್ತೇವೆ. ಆದರೆ ಯಾರೋ ಆಡಿದ ಒಂದು ಬಿರುನುಡಿಯ ಮೇಲೆ ಇರುಳೆಲ್ಲ ನಿಲ್ಲುವುದು ಇದೇ ಮನಸ್ಸಲ್ಲವೇ? ಏಕಾಗ್ರತೆಯ ಶಕ್ತಿ ನಮ್ಮಲ್ಲಿದೆ. ಅದು ನಿಂತ ಸ್ಥಾನ ಸರಿಯಿಲ್ಲ, ಅಷ್ಟೆ. ಅದನ್ನು ಆರ್ತದಿಂದ ಧರ್ಮದ ಕಡೆಗೆ ತಿರುಗಿಸುವ ಸುಲಭ ಸಾಧನವೇ ಸಾಮಾಯಿಕ.

ಶ್ರಾವಕರ 4 ಶಿಕ್ಷಾವ್ರತಗಳಲ್ಲಿ ಸಾಮಾಯಿಕವೂ ಒಂದು. 'ಶಿಕ್ಷಾ' ಎಂದರೆ ಅಭ್ಯಾಸ. ಒಂದೇ ದಿನದಲ್ಲಿ ಸಿದ್ಧಿಸಲಿಲ್ಲವೆಂದು ಎದೆಗುಂದಬೇಕಾಗಿಲ್ಲ. ಅದರ ಪೂರ್ಣ ಕಾಲ ಒಂದು ಮುಹೂರ್ತ, ಅಂದರೆ ಎರಡು ಗಳಿಗೆ ಅಥವಾ 48 ನಿಮಿಷ. ಅಷ್ಟು ಸಾಧ್ಯವಾಗದವರು ಕಾಯೋತ್ಸರ್ಗದಿಂದ ಆರಂಭಿಸಬಹುದು. ಪ್ರಾತಃಕಾಲ ಅಥವಾ ಸಂಧ್ಯಾಕಾಲದಲ್ಲಿ, ಗದ್ದಲವಿಲ್ಲದ ಕಡೆ ನೆಟ್ಟಗೆ ಕುಳಿತು ಅಥವಾ ನಿಂತು ದೇಹವನ್ನು ಸಡಿಲಗೊಳಿಸಿರಿ. ಣಮೋಕಾರ ಮಂತ್ರದ ಮೊದಲ ಎರಡು ಪದಗಳನ್ನು ಒಂದು ಉಸಿರಿನಲ್ಲಿ, ಮುಂದಿನ ಎರಡನ್ನು ಮತ್ತೊಂದರಲ್ಲಿ, ಕೊನೆಯದನ್ನು ಮೂರನೆಯದರಲ್ಲಿ ಮೌನವಾಗಿ ಸ್ಮರಿಸಿರಿ. ಹೀಗೆ 9 ಸಲ ಸ್ಮರಿಸಿದರೆ 27 ಉಸಿರುಗಳಾಗುವುವು. ಇದಕ್ಕೆ ಬೇಕಾಗುವುದು ಕೆಲವೇ ನಿಮಿಷಗಳು. ನಡುವೆ ಮನಸ್ಸು ಅಂಗಡಿಗೋ ಅಡುಗೆಮನೆಗೋ ಹೋದರೆ ಕೋಪಿಸಿಕೊಳ್ಳದೆ ಮತ್ತೆ ಉಸಿರಿಗೂ ಮಂತ್ರಕ್ಕೂ ಕರೆತನ್ನಿರಿ. ಅನಂತರ ಸಕಲ ಜೀವರಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ವಿರೋಧಿಗಳಲ್ಲಿ ಮಾಧ್ಯಸ್ಥ್ಯ ಎಂಬ 4 ಭಾವನೆಗಳನ್ನು ನೆನೆಯಿರಿ. ವೈರಿಯನ್ನು ಪ್ರೀತಿಸಲು ಆಗದಿದ್ದರೂ ದ್ವೇಷಿಸದೆ ಇರಲು ಸಾಧ್ಯವಿದೆ. ಮನೆಯ ಅರ್ಧ ಅಶಾಂತಿ ಅಲ್ಲಿಯೇ ಕರಗುವುದು.

ಎರಡು ಎಚ್ಚರಿಕೆಗಳು ಅವಶ್ಯ. ನೆಮ್ಮದಿ ಇಂದೇ ಸಿಗಲಿ, ವ್ಯಾಪಾರ ಕುದುರಲಿ ಎಂಬ ಬಯಕೆಯಿಂದ ಕುಳಿತರೆ ಆ ಹಂಬಲವೇ ಮತ್ತೆ ಆರ್ತವಾಗುವುದು. ಸಮತೆಯೇ ಗುರಿಯಾಗಲಿ, ಶಾಂತಿಯು ಅದರ ನೆರಳಾಗಿ ಬರುವುದು. ಎರಡನೆಯದಾಗಿ, ದಿನಗಟ್ಟಲೆ ನಿದ್ರಾಹಾರಗಳು ಕೆಟ್ಟು ಬಾಳು ಬೇಡವೆನಿಸುವ ವ್ಯಥೆಯಿದ್ದವರನ್ನು 'ಜಪ ಮಾಡು' ಎಂದಷ್ಟೇ ಹೇಳಿ ಕೈಬಿಡಬಾರದು. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ಕರುಣೆಯ ಕಾರ್ಯ, ಧರ್ಮಕ್ಕೆ ಸಮ್ಮತವಾದುದು.

ಶ್ರವಣಬೆಳಗೊಳ, ಕಾರ್ಕಳ, ವೇಣೂರುಗಳ ಗೊಮ್ಮಟಮೂರ್ತಿಗಳು ನಿಂತಿರುವುದು ಕಾಯೋತ್ಸರ್ಗ ಭಂಗಿಯಲ್ಲಿಯೇ. ಬಳ್ಳಿ ಹಬ್ಬಿದರೂ ಆ ಮುಖದಲ್ಲಿ ಕ್ಷೋಭೆಯಿಲ್ಲ. ನಾವು ಆ ಮೂರ್ತಿಗಳಿಗೆ ಕೈಮುಗಿಯುತ್ತೇವೆ. ಅವುಗಳಂತೆ ಒಂದಿಷ್ಟು ಹೊತ್ತು ನಿಲ್ಲುವುದನ್ನು ಮರೆಯುತ್ತೇವೆ. ಸಾಮಾಯಿಕದಲ್ಲಿರುವ ಗೃಹಸ್ಥನು ವಸ್ತ್ರ ಹೊದಿಸಿದ ಮುನಿಗೆ ಸಮಾನನೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಸಂಸಾರಿಗಳಾದ ನಮಗೆ ಇದಕ್ಕಿಂತ ದೊಡ್ಡ ಭರವಸೆ ಬೇಕೇ?

ಬಿಂಬದ ಪ್ರತಿಷ್ಠೆ ಒಮ್ಮೆ ನೆರವೇರುವುದು. ಮನಸ್ಸಿನಲ್ಲಿ ಸಮತೆಯ ಪ್ರತಿಷ್ಠೆ ಅನುದಿನವೂ ನಡೆಯಬೇಕು. ಈ ಬಸದಿಗೆ ಬರುವ ಪ್ರತಿಯೊಬ್ಬರೂ ದರ್ಶನ ಮುಗಿಸಿ ಆತುರದಿಂದ ಹೊರಡದೆ, 27 ಉಸಿರುಗಳಷ್ಟು ಹೊತ್ತು ಇಲ್ಲಿ ಮೌನವಾಗಿ ಕುಳಿತು ಹೋಗುವ ನಿಯಮವನ್ನು ಇಂದು ಸ್ವೀಕರಿಸಿದರೆ ಈ ಮಹೋತ್ಸವ ಸಾರ್ಥಕವಾಗುವುದೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.