ಗೋಡೆಯ ಮೇಲಿನ ಉತ್ತರ

ಪ್ರೌಢಶಾಲೆಯ ತರಗತಿಯೊಂದಕ್ಕೆ ಹೋಗಿ, ಉತ್ತರ ದಿಕ್ಕು ಯಾವುದು ತೋರಿಸಿ ಎಂದು ಮಕ್ಕಳನ್ನು ಕೇಳಿ ನೋಡಿ. ಕೆಲವರಾದರೂ ಸೂರಿನ ಕಡೆ ಬೆರಳೆತ್ತುತ್ತಾರೆ. ಅದನ್ನು ದಡ್ಡತನವೆನ್ನಲಾಗದು. ಅವರು ಕಂಡ ಭೂಪಟವೆಲ್ಲ ಗೋಡೆಗೆ ತೂಗುಹಾಕಿದ್ದು. ಅದರಲ್ಲಿ ಕಾಶ್ಮೀರ ಮೇಲಿದೆ, ಕನ್ಯಾಕುಮಾರಿ ಕೆಳಗಿದೆ. ತುಂಗಭದ್ರೆ ಈಶಾನ್ಯಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ ಎಂದು ಪಾಠ ಹೇಳಿದಾಗ, ನೀರು ಮೇಲಕ್ಕೆ ಹೇಗೆ ಏರುತ್ತದೆ ಎಂದು ಕೇಳುವ ಮಗು ವಾಸ್ತವದಲ್ಲಿ ತರಗತಿಯ ಜಾಣ ಮಗು. ಉಳಿದವರು ಬರೆದುಕೊಂಡು ಸುಮ್ಮನಾಗಿರುತ್ತಾರೆ.

ಇನ್ನೊಂದು ತೊಡಕು ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಭೂಪಟವನ್ನು ಕೊಠಡಿಯ ದಕ್ಷಿಣದ ಗೋಡೆಗೆ ತೂಗುಹಾಕಿದ್ದಾರೆ ಎನ್ನಿ. ಮಕ್ಕಳು ದಕ್ಷಿಣಕ್ಕೆ ಮುಖ ಮಾಡಿ ಕುಳಿತಿದ್ದಾರೆ. ಪಟದ ಬಲಗಡೆ ಬಂಗಾಳ ಕೊಲ್ಲಿ, ಅಂದರೆ ಪೂರ್ವ. ಆದರೆ ಮಕ್ಕಳ ಬಲಗೈಗೆ ನಿಜವಾಗಿ ಇರುವುದು ಪಶ್ಚಿಮ. ಪುಸ್ತಕದ ಪೂರ್ವ ಬೇರೆ, ಸೂರ್ಯ ಹುಟ್ಟುವ ಪೂರ್ವ ಬೇರೆ ಎಂಬ ತೀರ್ಮಾನಕ್ಕೆ ಮಗು ಬಂದರೆ ಆಶ್ಚರ್ಯವಿಲ್ಲ. ಪಟವನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ಖರ್ಚು ಏನೂ ಇಲ್ಲ.

ನಿಜವಾದ ಉತ್ತರವನ್ನು ಕಂಡುಹಿಡಿಯಲು ಒಂದು ನೆಟ್ಟನೆಯ ಕೋಲು ಸಾಕು. ಶಾಲೆಯ ಅಂಗಳದಲ್ಲಿ ಅದನ್ನು ನೆಟ್ಟು, ಹನ್ನೊಂದು ಗಂಟೆಯಿಂದ ಹತ್ತು ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡುತ್ತ ಹೋಗಬೇಕು. ಅತ್ಯಂತ ಗಿಡ್ಡ ನೆರಳು ಬಿದ್ದ ಗೆರೆಯೇ ಉತ್ತರ ದಕ್ಷಿಣದ ಗೆರೆ. ಆ ಗಳಿಗೆ ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ಬೆಂಗಳೂರಿನಲ್ಲಿ ಸುಮಾರು 12 ಗಂಟೆ 20 ನಿಮಿಷಕ್ಕೆ, ದಿನಕ್ಕೆ ತಕ್ಕಂತೆ ಕಾಲು ಗಂಟೆಯವರೆಗೆ ಹಿಂದುಮುಂದಾಗಿ ಬರುತ್ತದೆ. ಯಾಕೆ? ದೇಶದ ಗಡಿಯಾರಗಳೆಲ್ಲ ನಡೆಯುವುದು 82 ಡಿಗ್ರಿ 30 ನಿಮಿಷ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ಮಕ್ಕಳು ಭಾರತದ ನಕ್ಷೆಯಲ್ಲಿ ಇದೇ ರೇಖೆಯನ್ನು ಎಳೆದು ಎಳೆದು ಅಭ್ಯಾಸ ಮಾಡುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆ ಗೆರೆಗೂ ತಮ್ಮ ಅಂಗಳದ ನೆರಳಿಗೂ ಸಂಬಂಧವಿದೆ ಎಂದು ಹೇಳುವವರು ಕಡಿಮೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ದಿನ ಉತ್ತರಕ್ಕೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಯಾವ ಅಂಗಡಿಯಲ್ಲೂ ಸಿಗದು.

ದಿಕ್ಕಿನ ನಂತರ ಪ್ರಮಾಣ. ಒಂದಕ್ಕೆ ಐವತ್ತು ಸಾವಿರ ಎಂದು ಹಲಗೆಯ ಮೇಲೆ ಬರೆದರೆ ಮಗುವಿನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಗುಂಟೆ ಎಂದರೆ ರೈತರ ಮಕ್ಕಳಿಗೆ ಗೊತ್ತು. ಭೂಮಾಪಕರ ಸರಪಳಿ 33 ಅಡಿ ಉದ್ದ, ಅದಕ್ಕೆ ಹದಿನಾರು ಆಣೆ. ಉದ್ದಕ್ಕೊಂದು ಅಗಲಕ್ಕೊಂದು ಸರಪಳಿ ಹಾಸಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಕರ್ನಾಟಕದ ಹಲವು ಗ್ರಾಮನಕ್ಷೆಗಳು ಒಂದು ಮೈಲಿಗೆ ಎಂಟು ಇಂಚಿನ ಪ್ರಮಾಣದಲ್ಲಿವೆ. ಅಂದರೆ ಕಾಗದದ ಒಂದು ಇಂಚು ನೆಲದ ಮೇಲೆ 660 ಅಡಿ, ಇಪ್ಪತ್ತು ಸರಪಳಿ. ಒಂದು ಚದರ ಇಂಚು ಸರಿಯಾಗಿ ಹತ್ತು ಎಕರೆ. ಈ ಲೆಕ್ಕ ಕೂಡಿಬಂದಾಗ ನಕ್ಷೆ ಚಿತ್ರವಲ್ಲ, ಅಳತೆ ಎಂದು ಮಗುವಿಗೆ ಹೊಳೆಯುತ್ತದೆ.

ದೇಶದ ಭೂಪಟದ ಹಿಂದೆಯೂ ಇಂಥದೇ ಸರಪಳಿಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಉದ್ದದ ಆಧಾರರೇಖೆಯೊಂದನ್ನು ಅಳೆದ. ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದು, ಅಲ್ಲಿ ಬೇಡವಾಗಿ, ಕೈ ಬದಲಾಯಿಸುತ್ತ ಭಾರತಕ್ಕೆ ಬಂದದ್ದು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆ ಅಳೆದು ಆತ ಆರಂಭಿಸಿದ ಕೆಲಸ ಮುಂದೆ ಮಹಾ ತ್ರಿಕೋನಮಿತಿ ಸರ್ವೆಯಾಗಿ ಹಿಮಾಲಯದವರೆಗೆ ಬೆಳೆಯಿತು. ತ್ರಿಕೋನದ ಒಂದು ಬಾಹು ಮತ್ತು ಕೋನಗಳು ತಿಳಿದರೆ ಉಳಿದ ಬಾಹುಗಳೂ ತಿಳಿಯುತ್ತವೆ ಎಂಬುದೇ ಅದರ ಬುನಾದಿ. ಗಣಿತದ ಪಿರಿಯಡ್ಡಿನಲ್ಲಿ ಕಲಿತ ತ್ರಿಕೋನಕ್ಕೆ ಭೂಗೋಳದ ಪಿರಿಯಡ್ಡಿನಲ್ಲಿ ಪ್ರವೇಶವಿಲ್ಲದಿರುವುದು ವಿಪರ್ಯಾಸ. ಅಳೆಸಿದವರಿಗೆ ಬೇಕಾಗಿದ್ದದ್ದು ಕಂದಾಯ ಮತ್ತು ಸೈನ್ಯದ ದಾರಿ ಎಂಬುದನ್ನೂ ಮಕ್ಕಳಿಗೆ ಮುಚ್ಚಿಡಬೇಕಾಗಿಲ್ಲ.

ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳು ಒಂದು ಕಾಲದಲ್ಲಿ ಶಾಲೆಗಳಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ಗಡಿ ಮತ್ತು ಕರಾವಳಿಯ ಹಾಳೆಗಳಿಗಂತೂ ನಿರ್ಬಂಧವೇ ಇತ್ತು. 2005ರ ರಾಷ್ಟ್ರೀಯ ನಕ್ಷೆ ನೀತಿ, 2021ರ ಹೊಸ ಮಾರ್ಗಸೂಚಿಗಳ ಬಳಿಕ ಆ ನೆಪ ಉಳಿದಿಲ್ಲ. ಈ ಹಾಳೆಗಳಲ್ಲಿ ನೀರಿರುವ ಹೊಳೆ ನೀಲಿ, ಒಣಗುವ ಹಳ್ಳ ಕಪ್ಪು. ಬಯಲುಸೀಮೆಯ ಮಗು ತನ್ನೂರಿನ ಹಾಳೆಯಲ್ಲಿ ಕಪ್ಪು ಗೆರೆಗಳನ್ನೇ ಕಂಡು ಹುಬ್ಬೇರಿಸುವುದು ಸಹಜ. ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ಓದಲು ಬಂದರೆ ತುಂಗಭದ್ರೆಯ ಒಗಟೂ ಬಿಡಿಸಿಕೊಳ್ಳುತ್ತದೆ: ನೀರು ಹುಡುಕುವುದು ತಗ್ಗನ್ನು, ದಕ್ಷಿಣವನ್ನಲ್ಲ.

ಮೊಬೈಲ್ ಫೋನೇ ದಾರಿ ತೋರಿಸುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆ ಏಳುತ್ತದೆ. ಫೋನು ನಿಂತ ಜಾಗವನ್ನು ನೀಲಿ ಚುಕ್ಕೆಯಲ್ಲಿ ತೋರಿಸುತ್ತದೆ, ಎಲ್ಲಿ ತಿರುಗಬೇಕೆಂದು ಹೇಳುತ್ತದೆ. ಆ ಜಾಗದಲ್ಲಿ ಹಿಂದೆ ಏನಿತ್ತು ಎಂದು ಹೇಳುವುದಿಲ್ಲ. 2022ರ ಮಳೆಗಾಲದಲ್ಲಿ ಬೆಂಗಳೂರಿನ ಬಡಾವಣೆಗಳಿಗೆ ನೀರು ನುಗ್ಗಿದ ಮೇಲೆ ರಾಜಕಾಲುವೆಗಳ ಒತ್ತುವರಿ ಗುರುತಿಸಲು ಹಳೆಯ ಗ್ರಾಮನಕ್ಷೆಗಳನ್ನೇ ಬಿಚ್ಚಬೇಕಾಯಿತು. ಆ ನಕ್ಷೆಗಳನ್ನು ಓದಬಲ್ಲವರು ನಿವೇಶನ ಕೊಂಡವರಲ್ಲಿ ಎಷ್ಟು ಮಂದಿ ಇದ್ದಿರಬಹುದು?

ಊರಿನ ನಕ್ಷೆಯ ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಏಳನೆಯ ತರಗತಿಯ ಮಕ್ಕಳು ಕೆರೆಯ ಏರಿಯಿಂದ ಕೋಡಿಯವರೆಗೆ ನಡೆಯಲಿ. ಹೆಜ್ಜೆ ಎಣಿಸಲಿ, ಸರ್ವೆ ನಂಬರಿನ ಕಲ್ಲು ಹುಡುಕಲಿ. ಕಾಗದದ ಮೇಲೆ ಕಾಲುವೆಯಿದ್ದು ನೆಲದ ಮೇಲೆ ಅದು ಸಿಗದಿದ್ದರೆ ಮಕ್ಕಳು ಮೊದಲು ತಮ್ಮ ಲೆಕ್ಕವೇ ತಪ್ಪೆಂದುಕೊಂಡು ಮತ್ತೆ ಅಳೆಯುತ್ತಾರೆ. ಮೂರನೆಯ ಸಲವೂ ಸಿಗದಿದ್ದಾಗ ಮೇಷ್ಟರ ಮುಖ ನೋಡುತ್ತಾರೆ. ಎದುರಿಗೆ ಯಾರದೋ ಕಾಂಪೌಂಡ್ ಗೋಡೆ ಎದ್ದು ನಿಂತಿರುತ್ತದೆ.