ಏರಿಕೆಯನ್ನು ಅಳೆಯೋಣ, ಎತ್ತರವನ್ನಲ್ಲ

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)

 

ಈ ಸಲ ದಾನಿಗಳೊಬ್ಬರು ಒಂದು ಒಳ್ಳೆಯ ಸಲಹೆ ಕೊಟ್ಟಿದ್ದಾರೆ. ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವಂತೆ, ಮಕ್ಕಳನ್ನು ಮುಂದೆ ತಂದ ಶಿಕ್ಷಕರಿಗೂ ವರ್ಷದ ಕೊನೆಗೆ ಪ್ರೋತ್ಸಾಹಧನ ಕೊಡಬೇಕು, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ತಂದವರಿಗೆ ಹೆಚ್ಚು ಕೊಡಬೇಕು ಎಂಬುದು ಅವರ ಮಾತು. ಸಮಿತಿಯವರು ನಮ್ಮ ಅಭಿಪ್ರಾಯ ಕೇಳಿದ್ದಾರೆ. ಮೊದಲರ್ಧವನ್ನು ನಾವು ಒಪ್ಪುತ್ತೇವೆ. ಎರಡನೆಯ ಅರ್ಧವನ್ನು ಒಪ್ಪುವುದಿಲ್ಲ. ಯಾಕೆ ಎಂಬುದನ್ನು ಹೇಳಬೇಕಾದರೆ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗುತ್ತದೆ.

ನಾವು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಹನ್ನೊಂದು ಅಂಕ ತೆಗೆದಿದ್ದ. ಹಿಂದಿನ ಪರೀಕ್ಷೆಯಲ್ಲಿ ಮೂರು ಬಂದಿತ್ತು. ಅವನ ತಂದೆಯನ್ನು ಕರೆಸಿ, ಈ ವರ್ಷ ಬೇಡ, ಮುಂದಿನ ವರ್ಷ ಖಾಸಗಿಯಾಗಿ ಕೂರಿಸಿರಿ ಎಂದೆವು. ಅವರು ಕೈಮುಗಿದು, "ನೀವು ಹೇಳಿದಂಗ ಆಗ್ಲಿ ಸರ್" ಅಂದರು. ಆ ವರ್ಷ ನಮ್ಮ ಫಲಿತಾಂಶ ನೂರಕ್ಕೆ ನೂರು. ನಮಗೆ ಶಾಲು ಹೊದಿಸಿದರು. ಹುಡುಗ ಮುಂದಿನ ವರ್ಷ ಬರಲಿಲ್ಲ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಮೂರರಿಂದ ಹನ್ನೊಂದಕ್ಕೆ ಏರಿದ ಆ ಮಗುವಿನ ಶ್ರಮ ಯಾವ ಪಟ್ಟಿಯಲ್ಲೂ ಬರಲಿಲ್ಲ. ಆ ಶಾಲು ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ. ಹೊದ್ದುಕೊಳ್ಳಲು ಮನಸ್ಸು ಬರುವುದಿಲ್ಲ.

ಅಂದು ನಮಗೆ ಸಿಗುತ್ತಿದ್ದದ್ದು ಶಾಲು ಮಾತ್ರ. ಹಣವೂ ಇದ್ದಿದ್ದರೆ ಇನ್ನೆಷ್ಟು ಮಕ್ಕಳ ತಂದೆಯರನ್ನು ಕರೆಸುತ್ತಿದ್ದೆವೋ ಅಲ್ಲಾಹನೇ ಬಲ್ಲ.

ಹಾಗಂತ ಪ್ರೋತ್ಸಾಹಧನವೇ ಕೆಟ್ಟದ್ದು ಎನ್ನಲಾಗದು. ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ 2005ರಿಂದ ದೊಡ್ಡ ಪ್ರಯೋಗವೊಂದು ನಡೆಯಿತು. ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತಿದಂತೆ ಆರಿಸಿ, ನೂರು ಶಾಲೆಗಳಲ್ಲಿ ಶಾಲೆಯ ಎಲ್ಲ ಶಿಕ್ಷಕರಿಗೂ ಸೇರಿಸಿ, ಇನ್ನೂ ನೂರು ಶಾಲೆಗಳಲ್ಲಿ ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಬೋನಸ್ ಇಟ್ಟರು. ಲೆಕ್ಕ ಸರಳ. ಮಕ್ಕಳ ಸರಾಸರಿ ಅಂಕ ವರ್ಷದ ಆರಂಭಕ್ಕಿಂತ ಶೇಕಡಾ 5ಕ್ಕೂ ಹೆಚ್ಚು ಏರಿದರೆ, ಅದರ ಮೇಲಿನ ಪ್ರತಿ ಒಂದು ಶೇಕಡಾಕ್ಕೆ 500 ರೂಪಾಯಿ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಇದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಎರಡು ವರ್ಷದಲ್ಲಿ ಆ ಶಾಲೆಗಳ ಮಕ್ಕಳು ಗಣಿತ, ಭಾಷೆ ಎರಡರಲ್ಲೂ ಉಳಿದವರಿಗಿಂತ ಮುಂದೆ ಹೋದರು. ಬೋನಸ್ ಇಲ್ಲದ ವಿಜ್ಞಾನ, ಸಮಾಜ ವಿಷಯಗಳಲ್ಲೂ ಮುಂದಿದ್ದರು.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಬೇರೆ. ಶಿಕ್ಷಕರ ಹಾಜರಿ ಹೆಚ್ಚಲಿಲ್ಲ. ಆದರೆ ಬಂದ ದಿನ ಹೆಚ್ಚು ಪಾಠ ಮಾಡಿದರು. ಮನೆಗೆಲಸ ಕೊಟ್ಟರು, ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡರು, ಹಿಂದುಳಿದ ಮಕ್ಕಳ ಕಡೆ ಗಮನ ಕೊಟ್ಟರು. ಯಾಕೆಂದರೆ ಅಲ್ಲಿ ಅಳೆದದ್ದು ಏರಿಕೆಯನ್ನು. ಹನ್ನೊಂದು ಅಂಕದ ಹುಡುಗ ಅಲ್ಲಿ ಹೊರೆಯಲ್ಲ. ಏರಲು ಹೆಚ್ಚು ಜಾಗ ಇರುವುದೇ ಅವನಿಗೆ.

ನಮ್ಮ ಭಾಗಕ್ಕೂ ಇಂಥದ್ದು ಹೊಸದಲ್ಲ. 2002ರ ಹೊತ್ತಿಗೆ ರಾಜ್ಯ ಸರ್ಕಾರ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ನಡೆಸಿದವು. ಶಾಲೆಗಳು ತಾವಾಗಿಯೇ ಮುಂದೆ ಬರಬೇಕು. ದಾಖಲಾತಿ, ಹಾಜರಿ, ಕಲಿಕೆ ಮೂರನ್ನೂ ಹೊರಗಿನವರು ಬಂದು ನೋಡುತ್ತಿದ್ದರು. ಗೆದ್ದರೆ ಬಹುಮಾನ ಶಾಲೆಗೆ. ಮೂರನ್ನೂ ಒಟ್ಟಿಗೆ ನೋಡಿದ್ದರಿಂದ, ಓದದ ಮಗುವನ್ನು ಮನೆಗೆ ಕಳಿಸಿ ಗೆಲ್ಲುವ ದಾರಿ ಅಲ್ಲಿ ಸುಲಭವಿರಲಿಲ್ಲ.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಅಂಕ ಹೆಚ್ಚಾದರೆ ಬೋನಸ್, ಕಡಿಮೆಯಾದರೆ ಕೆಲಸಕ್ಕೇ ಕುತ್ತು ಎಂಬ ಒತ್ತಡವಿತ್ತು. ಶಿಕ್ಷಕರೇ ಮಕ್ಕಳ ಉತ್ತರಪತ್ರಿಕೆ ತಿದ್ದಿದರು. 2015ರಲ್ಲಿ 11 ಮಂದಿಯನ್ನು ನ್ಯಾಯಾಲಯ ತಪ್ಪಿತಸ್ಥರೆಂದಿತು. ನಮ್ಮಲ್ಲೇ ನೋಡಿರಿ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಮೆರಾ ಕಣ್ಗಾವಲು ಬಂತು. 2023ರಲ್ಲಿ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚು ಕೃಪಾಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಇಳಿಯುವುದಿಲ್ಲ. ಹಿಂದಿನ ಅಳತೆಯಲ್ಲೂ ಏನೋ ಸಡಿಲವಿತ್ತು ಎಂದೇ ನಮ್ಮ ಅನಿಸಿಕೆ.

ಹೀಗಾಗಿ ಸಮಿತಿಯ ಮುಂದೆ ಐದು ಮಾತು ಇಡುತ್ತೇವೆ.

ಒಂದು. ಪ್ರೋತ್ಸಾಹಧನ ನಮ್ಮ ಟ್ರಸ್ಟಿನ ಸಂಜೆ ತರಗತಿಗಳ ಶಿಕ್ಷಕರಿಗೆ ಮಾತ್ರ ಇರಲಿ. ಸರ್ಕಾರಿ ಶಿಕ್ಷಕರಿಗೆ ನಡತೆ ನಿಯಮಗಳಿವೆ, ಹೊರಗಿನವರು ಅವರ ಕೈಗೆ ಹಣ ಕೊಡುವುದು ಸರಿಯಲ್ಲ. ಅವರ ಶಾಲೆಗೆ ಎಸ್‌ಡಿಎಂಸಿ ಮೂಲಕ ಪುಸ್ತಕ, ಪ್ರಯೋಗ ಸಾಮಗ್ರಿ ಕೊಡೋಣ.

ಎರಡು. ಜೂನ್‌ನಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು ಪರೀಕ್ಷೆ. ಪಾಠ ಮಾಡಿದವರು ಪ್ರಶ್ನೆ ತೆಗೆಯಬಾರದು, ಪತ್ರಿಕೆಯನ್ನೂ ನೋಡಬಾರದು. ನಮ್ಮಂಥ ನಿವೃತ್ತರು ಆ ಕೆಲಸವನ್ನು ಉಚಿತವಾಗಿ ಮಾಡುತ್ತೇವೆ.

ಮೂರು. ಜೂನ್‌ನಲ್ಲಿ ಹೆಸರಿದ್ದ ಪ್ರತಿ ಮಗುವೂ ಲೆಕ್ಕಕ್ಕೆ ಬರಬೇಕು. ನಡುವೆ ಬಿಟ್ಟುಹೋದ ಮಗುವಿಗೆ ಏರಿಕೆ ಸೊನ್ನೆ ಎಂದು ಬರೆಯಬೇಕು. ನಾವು ಮಾಡಿದ ತಪ್ಪಿನ ಬಾಗಿಲು ಮುಚ್ಚುವುದು ಈ ಒಂದು ಸಾಲಿನಿಂದಲೇ.

ನಾಲ್ಕು. ಹಣ ಎಲ್ಲ ಶಿಕ್ಷಕರಿಗೂ ಸಮಪಾಲು. ಆಂಧ್ರದಲ್ಲಿ ಎರಡನೆಯ ವರ್ಷದ ಹೊತ್ತಿಗೆ ಒಬ್ಬೊಬ್ಬರಿಗೆ ಕೊಟ್ಟ ಕಡೆ ಫಲ ಸ್ವಲ್ಪ ಹೆಚ್ಚಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮದು ನಾಲ್ಕೈದು ಜನರ ತಂಡ. ಕನ್ನಡ ಓದಲು ಬಾರದ ಮಗು ಗಣಿತದ ಪ್ರಶ್ನೆಯನ್ನೂ ಓದಲಾರದು. ಯಾರ ಶ್ರಮ ಎಷ್ಟು ಎಂದು ಬಿಡಿಸುವುದು ಕಷ್ಟ, ಜಗಳಕ್ಕೆ ದಾರಿ.

ಐದು. ಜಕಾತ್ ಹಣಕ್ಕೆ ಕೈ ಹಚ್ಚಬಾರದು. ಅದು ಬಡ ಮಕ್ಕಳ ಹಕ್ಕು. ಪ್ರೋತ್ಸಾಹಧನಕ್ಕೆ ದಾನಿಗಳು ಲಿಲ್ಲಾಹ್ ಖಾತೆಗೆ ಬೇರೆಯಾಗಿಯೇ ಕೊಡಲಿ, ಲೆಕ್ಕವೂ ವರದಿಯಲ್ಲಿ ಬೇರೆಯಾಗಿಯೇ ಅಚ್ಚಾಗಲಿ. ಜೊತೆಗೆ, ಪ್ರತಿ ತಿಂಗಳ ಗೌರವಧನ ತಡವಾಗದಿರಲಿ. ಸಂಬಳವನ್ನೇ ಹೊತ್ತಿಗೆ ಕೊಡದೆ ಬೋನಸ್ ಮಾತಾಡುವುದು ಚಂದವಲ್ಲ.

ಪಾಲಕರೇ, ನಿಮಗೂ ಒಂದು ಮಾತು. ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಕಾಲಕ್ಕೆ ತರಗತಿ ಅರ್ಧ ಖಾಲಿಯಾಗುತ್ತದೆ. ನಿಮ್ಮ ಕಷ್ಟ ನಮಗೆ ಗೊತ್ತು. ಗುಳೆ ಹೋಗಲೇಬೇಕಾದರೆ ಮಗುವನ್ನು ಅಜ್ಜಿಯ ಹತ್ತಿರ ಬಿಡಲು ಆಗುತ್ತದೆಯೇ ನೋಡಿರಿ. ಆಗದಿದ್ದರೆ ಮೊದಲೇ ಬಂದು ಹೇಳಿರಿ, ದಾರಿ ಹುಡುಕೋಣ. ಮಗುವೇ ಬರದಿದ್ದರೆ ಯಾವ ಬೋನಸ್ಸೂ ಪಾಠ ಮಾಡುವುದಿಲ್ಲ.

ಕೊನೆಯದಾಗಿ, ಶಿಕ್ಷಕರಿಗೆ ಹೇಳಿದ ನ್ಯಾಯ ಮಕ್ಕಳಿಗೂ ಇರಲಿ. ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಒಂದಲ್ಲ, ಎರಡು ವರ್ಷದ ಅಂಕಪಟ್ಟಿ ತರಿಸಿಕೊಳ್ಳಿರಿ ಎಂದು ಸಮಿತಿಯನ್ನು ಕೇಳಿಕೊಳ್ಳುತ್ತೇವೆ. ತೊಂಬತ್ತು ತೆಗೆದ ಮಗುವಿಗೆ ಶಹಬ್ಬಾಸ್ ಹೇಳೋಣ. ಇಪ್ಪತ್ತರಿಂದ ನಲವತ್ತಕ್ಕೆ ಬಂದ ಮಗುವನ್ನೂ ಇದೇ ವೇದಿಕೆಗೆ ಕರೆಯೋಣ. ಅಂದು ನಾವು ಕರೆಯದೆ ಬಿಟ್ಟ ಹುಡುಗನಿಗೆ ಈಗ ನಾವು ಕೊಡಬಹುದಾದದ್ದು ಇಷ್ಟೇ.

ಅಲ್ಲಾಹನು ನಮ್ಮೆಲ್ಲರ ಸೇವೆಯನ್ನು ಸ್ವೀಕರಿಸಲಿ.